ಮಿಂಚುಳ್ಳಿಯ ಓರೆಗಣ್ಣು

ಬಹಳ ಹಿಂದೆ, ನೆರಳುಗಳಿಗೂ ಹೆಸರಿಟ್ಟು ಕರೆಯುತ್ತಿದ್ದ ಕಾಲದಲ್ಲಿ, ತೆರೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಜನಕ್ಕೆ ಅನ್ನ ನೀರಿನಷ್ಟೇ ಗೊಂಬೆಯಾಟವೂ ಬೇಕು. ಊರೂರಿಗೂ ಕಿಟಕಿಯಿಲ್ಲದ ಒಂದೊಂದು ಕಲ್ಲಿನ ಮನೆ. ಅದಕ್ಕೆ ಕತ್ತಲಮನೆ ಎಂದು ಹೆಸರು. ಮಧ್ಯಾಹ್ನದ ಊಟ ಮುಗಿಸಿ ಜನ ಅಲ್ಲಿ ಸೇರುತ್ತಿದ್ದರು. ಮುಂದೆ ಬಿಳಿಯ ತೆರೆ, ತೆರೆಯ ಹಿಂದೆ ದೀಪ, ದೀಪಕ್ಕೂ ತೆರೆಗೂ ನಡುವೆ ತೊಗಲುಗೊಂಬೆ.

ಆದರೆ ಕತೆ ಶುರುವಾಗುವ ಮೊದಲು ಮುಂಗೊಂಬೆ ಬರಬೇಕು. ಇದು ಯಾವ ಮೇಳದ ಆಟ ಎಂದು ಸಾರುವ ಗೊಂಬೆ ಅದು. ಒಂದೊಂದು ಮೇಳಕ್ಕೂ ತನ್ನದೇ ಮುಂಗೊಂಬೆ, ಅದಕ್ಕೆ ತನ್ನದೇ ರಾಗ. ನಾಲ್ಕು ಉಸಿರು ಎಳೆದು ಬಿಡುವಷ್ಟರಲ್ಲಿ ಬಂದು, ಕುಣಿದು, ಮೇಳದ ಹೆಸರು ತೋರಿಸಿ ಹೋಗುತ್ತದೆ. ಕತೆಯ ಗೊಂಬೆಗಳನ್ನು ಕಡ್ಡಿ ಹಿಡಿದು ಆಡಿಸಬೇಕು. ಮುಂಗೊಂಬೆಗೆ ಮಾತ್ರ ಜೀವವಿರುತ್ತದೆ, ಅದು ತಾನಾಗಿಯೇ ಆಡುತ್ತದೆ. ಆ ಜೀವ ಬರಬೇಕಾದರೆ ಒಂದು ಕಟ್ಟಳೆ ಇತ್ತು. ಗೊಂಬೆ ಮಾಡಿದವನು ಅದರ ಕಣ್ಣು ಕೊರೆಯುವಂತಿಲ್ಲ. ಬೇರೊಂದು ಮೇಳದವನನ್ನು ಕರೆದು, ವೀಳ್ಯ ಕೊಟ್ಟು, ಅವನ ಕೈಯಿಂದ ಕಣ್ಣು ತೆರೆಸಬೇಕು. ಹಾಗೆ ಕಣ್ಣು ತೆರೆದವನು ಅದನ್ನು ಊರಲ್ಲಿ ಹೇಳಿಕೊಂಡು ತಿರುಗಬಾರದು.

ಆ ರಾಜ್ಯದಲ್ಲಿ ಕೇತೋಜ ಎಂಬ ಗೊಂಬೆಗಾರನಿದ್ದ. ಕೈಚಳಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೊಟ್ಟೆಕಿಚ್ಚಿನಲ್ಲೂ ಇರಲಿಲ್ಲ. ಅವನ ಜೊತೆಯಲ್ಲಿ ಒಬ್ಬನೇ ಗುರುವಿನ ಹತ್ತಿರ ಉಳಿ ಹಿಡಿಯಲು ಕಲಿತವನು ಬಾಚಯ್ಯ. ಕಲಿತು ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಮೇಳ ಕಟ್ಟಿದರು. ಬಾಚಯ್ಯ ತನ್ನ ಮೇಳಕ್ಕೆ ಮಿಂಚುಳ್ಳಿ ಹಕ್ಕಿಯ ಮುಂಗೊಂಬೆ ಮಾಡಿ, ಕಣ್ಣು ತೆರೆಯಲು ಗೆಳೆಯನನ್ನೇ ಕರೆದ.

ಕೇತೋಜ ಹೋಗಿ ನೋಡಿದ. ಕಣ್ಣಿಲ್ಲದ ಹಕ್ಕಿಯೇ ಅಷ್ಟು ಚೆಂದ. ಅವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ‘ಮೆಳ್ಳಗಣ್ಣಿನ ಹಕ್ಕಿ ಇಟ್ಟುಕೊಂಡು ಮೆರೆಯಲಿ’ ಎಂದು ಮನಸ್ಸಿನಲ್ಲೇ ಅಂದುಕೊಂಡು, ಬೇಕೆಂದೇ ಕಣ್ಣನ್ನು ಓರೆಯಾಗಿ ಕೊರೆದ. ಹಕ್ಕಿ ಒಮ್ಮೆ ಕಣ್ಣು ಮಿಟುಕಿಸಿ ಪುರ್ರನೆ ಹಾರಿತು. ಬಾಚಯ್ಯ ವೀಳ್ಯ ಕೊಟ್ಟು ಕಳಿಸಿದ.

ಆಮೇಲೆ ಕೇತೋಜ ತನ್ನ ಮೇಳಕ್ಕೆ ಆನೆ ಮಾಡಿದ. ಎಂಥ ಆನೆ! ಅಂಬಾರಿ, ಗಂಟೆ, ಜೂಲು, ಒಂದೊಂದು ಉಗುರಿಗೂ ಒಂದೊಂದು ಬಣ್ಣ. ಆದರೆ ಕಣ್ಣು ತೆರೆಯಲು ಯಾರನ್ನು ಕರೆಯುವುದು? ತಾನು ಇನ್ನೊಬ್ಬನ ಹಕ್ಕಿಗೆ ಮಾಡಿದ್ದನ್ನು ತನ್ನ ಆನೆಗೆ ಯಾರಾದರೂ ಮಾಡಿದರೆ? ಅವನು ಯಾರನ್ನೂ ಕರೆಯಲಿಲ್ಲ. ಬಾಗಿಲು ಹಾಕಿಕೊಂಡು ಕಣ್ಣನ್ನು ತಾನೇ ಕೊರೆದ. ಆನೆ ತೊಗಲಾಗಿಯೇ ಉಳಿಯಿತು. ಆಟದ ದಿನ ಕಡ್ಡಿ ಹಿಡಿದು ನೂಕಿದರೆ ಆ ತುದಿಯಿಂದ ಈ ತುದಿಗೆ ಹೋಗುತ್ತಿತ್ತು. "ನಮ್ಮ ಆನೆ ಸ್ವಲ್ಪ ಗಂಭೀರ" ಎಂದು ಕೇತೋಜ ಹೇಳುತ್ತಿದ್ದ. ಜನ ಆ ಹೊತ್ತಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಬಾಚಯ್ಯನ ಮಿಂಚುಳ್ಳಿಯದು ಬೇರೆಯೇ ಕತೆ. ಮುಖವೀಣೆ ಊದಿ ರಾಗ ಎದ್ದ ಕೂಡಲೇ ಅದು ತೆರೆಯ ಮೇಲಿನಿಂದ, ಕೆಳಗೆ ಮೂಡುವ ನೆರಳಿನ ನೀರಿಗೆ ಧುಮುಕುತ್ತಿತ್ತು. ಒಂದೊಂದು ಸಲ ಧುಮುಕಿದಾಗಲೂ ಕೊಕ್ಕಿನಲ್ಲಿ ಮೀನಿನ ಬದಲು ಒಂದು ಚಿನ್ನದ ಅಕ್ಷರ ಕಚ್ಚಿ ತಂದು ಸಾಲಾಗಿ ಜೋಡಿಸುತ್ತಿತ್ತು. ಮಿಂಚುಳ್ಳಿ ಮೇಳ ಎಂದು ಹೆಸರು ತುಂಬಿದ ಮೇಲೆ ತಿರುಗಿ ಜನರನ್ನು ಒಮ್ಮೆ ನೋಡುತ್ತಿತ್ತು. ಆಗ ಬೀಳುತ್ತಿದ್ದ ಸಿಳ್ಳೆಗೆ ಕತ್ತಲಮನೆಯ ಕಲ್ಲು ನಡುಗುತ್ತಿತ್ತು. ಕೇತೋಜನೂ ಮೂಲೆಯಲ್ಲಿ ಕೂತು ನೋಡಿದವನೇ. ಆದರೆ ಸಿಳ್ಳೆ ಬೀಳುವ ಹೊತ್ತಿಗೆ ಅವನು ತಲೆ ತಗ್ಗಿಸಿ ಕಾಲ ಹೆಬ್ಬೆರಳು ನೋಡುತ್ತಿದ್ದ. ಹೀಗಾಗಿ ಜನ ಯಾವುದಕ್ಕೆ ಸಿಳ್ಳೆ ಹಾಕುತ್ತಾರೋ ಅದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ಹೀಗಿರಲು ರಾಜ ಮಾರಭೂಪ ಅರಮನೆಯಲ್ಲೇ ಹೊಸ ಕತ್ತಲಮನೆ ಕಟ್ಟಿಸಿ ಡಂಗುರ ಸಾರಿಸಿದ. ಬರುವ ಹುಣ್ಣಿಮೆಗೆ ಯಾರ ಮುಂಗೊಂಬೆಗೆ ಹೆಚ್ಚು ಸಿಳ್ಳೆ ಬೀಳುವುದೋ, ಅವರದೇ ಅರಮನೆಯ ಮೇಳ.

ಕೇತೋಜನಿಗೆ ಊಟ ಸೇರದಾಯಿತು. ಹೆಂಡತಿ ಸೋವವ್ವ ನೋಡುವಷ್ಟು ನೋಡಿ, "ಬಾಚಣ್ಣನ್ನ ಕರೆದು ಆನೆ ಕಣ್ಣು ತೆರೆಸಬಾರದಾ? ಆನೆಗೂ ಜೀವ ಬರುತ್ತೆ, ನಿಮಗೂ ನಿದ್ದೆ ಬರುತ್ತೆ" ಎಂದಳು.

"ಅವನ ಕಾಲು ಹಿಡೀಬೇಕಾ ನಾನು?"

"ಕಾಲು ಹಿಡೀರಿ ಅಂದೆನಾ? ಉಳಿ ಕೈಗೆ ಕೊಡಿ ಅಂದೆ."

ಕೇತೋಜ ತಟ್ಟೆ ಸರಿಸಿ ಎದ್ದು ಹೋದ. ಹೋದದ್ದು ಎಲ್ಲಿಗೆ? ಕರಿಗುಡ್ಡದ ಗವಿಯಲ್ಲಿದ್ದ ಕತ್ತಲರಾಯ ಎಂಬ ಮಾಯಾವಿಯ ಹತ್ತಿರ. ಯಾವ ದೀಪದ ಮುಂದೆ ನಿಂತರೂ ಆ ಮಾಯಾವಿಗೆ ನೆರಳು ಬೀಳುತ್ತಿರಲಿಲ್ಲ. ನೆರಳಿದ್ದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಕೇತೋಜನ ಮುಖ ನೋಡಿದೊಡನೆ ಬಂದವನು ತನ್ನ ಜಾತಿಯವನೇ ಎಂದು ಅವನಿಗೆ ತಿಳಿಯಿತು.

"ಆ ಹಕ್ಕಿಯ ಜೀವ ಮೂರು ಕಡೆ ಇದೆ" ಎಂದ ಕತ್ತಲರಾಯ. "ರಾಗದಲ್ಲಿದೆ, ಅಕ್ಷರದಲ್ಲಿದೆ, ಕಣ್ಣಿನಲ್ಲಿದೆ. ಮೂರನ್ನೂ ನನಗೆ ತಂದುಕೊಡು. ನಿನ್ನ ಆನೆಗೆ ಜೀವ ಹಾಕುತ್ತೇನೆ."

ಮೊದಲು ಒಂದು ಸೋರೆಬುರುಡೆ ಕೊಟ್ಟ. ಕೇತೋಜ ಅದನ್ನು ಹೆಗಲಿಗೆ ಹಾಕಿಕೊಂಡು ಮಿಂಚುಳ್ಳಿ ಮೇಳದ ತೆರೆಯ ಹಿಂದಕ್ಕೆ ಹೋದ. "ಬಾರೋ ಕೇತ, ಊಟ ಆಯ್ತಾ?" ಎಂದು ಬಾಚಯ್ಯ ಚಾಪೆ ಹಾಸಿದ. ರಾಗ ಎದ್ದೊಡನೆ ಕೇತೋಜ ಬುರುಡೆಯ ಬಾಯಿ ತೆರೆದ. ರಾಗವೆಲ್ಲ ಒಳಗೆ ಸೇರಿ, ಮುಖವೀಣೆ ಮೂಕಾಯಿತು. ಹಕ್ಕಿ ನಡುಗಾಳಿಯಲ್ಲಿ ತಡವರಿಸಿತು. ಅಷ್ಟರಲ್ಲಿ ತೆರೆಯ ಆಚೆಯಿಂದ ಒಬ್ಬ ಮುದುಕಿ ಅದೇ ರಾಗವನ್ನು ಗುನುಗಿದಳು. ಪಕ್ಕದವರು ಸೇರಿಕೊಂಡರು. ಕೊನೆಗೆ ಇಡೀ ಕತ್ತಲಮನೆಯೇ ಬಾಯಿಬಿಟ್ಟು ಹಾಡಿತು. ಸಿಳ್ಳೆ ಹಿಂದೆಂದಿಗಿಂತ ಜೋರಾಗಿ ಬಿತ್ತು. ಕೇತೋಜ ಬುರುಡೆಯನ್ನು ಗವಿಗೆ ಮುಟ್ಟಿಸಿ, ಮನೆಗೆ ಬಂದು ಆನೆಯ ಮುಂದೆ ಕೂತ. ಆನೆ ಕಿವಿ ಕೂಡ ಅಲುಗಿಸಲಿಲ್ಲ.

ಎರಡನೆಯ ಸಲ ಕತ್ತಲರಾಯ ಒಂದು ಬಲೆ ಕೊಟ್ಟ. "ಬಾರೋ ಕೇತ, ಊಟ ಆಯ್ತಾ?" ಎಂದು ಬಾಚಯ್ಯ ಚಾಪೆ ಹಾಸಿದ. ಹಕ್ಕಿ ಧುಮುಕುವ ಮೊದಲೇ ಕೇತೋಜ ಯಾರಿಗೂ ಕಾಣದಂತೆ ತೆರೆಯ ನೀರಿಗೆ ಬಲೆ ಬೀಸಿ ಚಿನ್ನದ ಅಕ್ಷರಗಳನ್ನೆಲ್ಲ ಬಾಚಿಕೊಂಡ. ಹಕ್ಕಿ ಮುಳುಗಿ ಮುಳುಗಿ ಬರಿಗೊಕ್ಕಿನಲ್ಲಿ ಎದ್ದಿತು. ಆಗ ಮಕ್ಕಳೇ "ಮಿಂ! ಚು! ಳ್ಳಿ!" ಎಂದು ಒಂದೊಂದಾಗಿ ಕೂಗಿ ಹೆಸರು ತುಂಬಿಸಿದರು. ಮತ್ತೆ ಸಿಳ್ಳೆ. ಕೇತೋಜನಿಗೆ ಅಳುವೇ ಬಂತು. ‘ಇವನದನ್ನು ಕದ್ದರೂ ಇವನಿಗೇ ಹೆಚ್ಚಾಗುತ್ತದಲ್ಲ!’ ಬಲೆಯನ್ನು ಗವಿಗೆ ಮುಟ್ಟಿಸಿ, ಮನೆಗೆ ಬಂದು ಆನೆಯ ಮುಂದೆ ಕೂತ. ಆನೆ ಬಾಲ ಕೂಡ ಅಲುಗಿಸಲಿಲ್ಲ.

ಮೂರನೆಯ ಸಲ ಕತ್ತಲರಾಯ ಒಂದು ಉಂಡೆ ಕರಿಮೇಣ ಕೊಟ್ಟ. "ಕಣ್ಣೆಂದರೆ ತೊಗಲಿನ ತೂತು. ತೂತನ್ನು ಕದಿಯಲಾಗದು, ಮುಚ್ಚಬಹುದು."

"ಬಾರೋ ಕೇತ, ಊಟ ಆಯ್ತಾ?" ಎಂದು ಬಾಚಯ್ಯ ಚಾಪೆ ಹಾಸಿದ. ಈ ಸಲ ಅವನ ಮುಖ ಬಾಡಿತ್ತು. "ನನ್ನ ಹಕ್ಕಿಗೆ ಯಾರದೋ ಕಣ್ಣು ಬಿದ್ದಿದೆ ಕಣೋ. ನೀನು ಹತ್ತಿರ ಇದ್ದರೆ ಧೈರ್ಯ."

ಕೇತೋಜನ ಕೈ ಒಂದು ಗಳಿಗೆ ತಡೆಯಿತು. ಆಚೆಯಿಂದ ಜನ "ಮಿಂಚುಳ್ಳಿ, ಮಿಂಚುಳ್ಳಿ" ಎಂದು ಕೂಗಿದರು. ತಡೆದ ಕೈ ಮುಂದೆ ಹೋಯಿತು. ಬಾಚಯ್ಯ ಅತ್ತ ತಿರುಗಿದಾಗ, ಕೈಮೇಲೆ ಬಂದು ಕೂತ ಹಕ್ಕಿಯ ಕಣ್ಣಿಗೆ ಅವನು ಮೇಣ ಒತ್ತಿಬಿಟ್ಟ. ಕುರುಡಾದ ಹಕ್ಕಿ ತೆರೆಗೆ ಬಡಿದು, ಗೋಡೆಗೆ ಬಡಿದು, ಬಾಗಿಲಿನಿಂದ ಹೊರಗೆ ಹಾರಿ, ಮೇಣ ಎಳೆದತ್ತ, ಕರಿಗುಡ್ಡದ ಕಡೆಗೆ ಹೋಯಿತು.

ಅದರ ಹಿಂದೆಯೇ ಕೇತೋಜನೂ ಗವಿಗೆ ಓಡಿದ. "ಈಗ ನನ್ನ ಆನೆಗೆ ಜೀವ ಹಾಕು."

"ಜೀವ ಹಾಕುವುದು ಗೊತ್ತಿದ್ದರೆ ನಾನು ಗವಿಯಲ್ಲಿ ಯಾಕೆ ಕೂತಿರುತ್ತಿದ್ದೆ? ತೆಗೆಯುವುದಷ್ಟೇ ನನಗೆ ಗೊತ್ತು. ಹೊಟ್ಟೆಕಿಚ್ಚಿನವನೊಬ್ಬ ತಾನಾಗಿ ತಂದುಕೊಡಲಿ ಎಂದು ಕಾದಿದ್ದೆ. ಒಂದು ಮುಂಗೊಂಬೆಯ ಜೀವ ಕೈಗೆ ಸಿಕ್ಕರೆ ಎಲ್ಲ ನೆರಳೂ ನನ್ನ ಹಿಡಿತಕ್ಕೆ. ಇನ್ನು ಈ ರಾಜ್ಯದಲ್ಲಿ ಯಾವ ತೆರೆಯ ಮೇಲೂ ನೆರಳು ಬೀಳುವುದಿಲ್ಲ. ಎಲ್ಲರೂ ನನ್ನ ಹಾಗೇ."

ಅವನು ಅಂದ ಹಾಗೆಯೇ ಆಯಿತು. ಎಲ್ಲ ಮೇಳಗಳ ಮುಂಗೊಂಬೆಗಳೂ ಒಣತೊಗಲಾದವು. ಮುಂಗೊಂಬೆ ಬಾರದೆ ಆಟವಿಲ್ಲ, ಕತ್ತಲಮನೆಗಳಿಗೆ ಬೀಗ ಬಿತ್ತು. ಕೇತೋಜ ಆನೆಯನ್ನು ದೀಪದ ಮುಂದೆ ಹಿಡಿದ. ನೂಕಿದ. ತೆರೆ ಬೆಳ್ಳಗೆ ಇತ್ತು. ನೂಕಿದರೆ ಹೋಗುತ್ತಿದ್ದ ಆನೆಯೂ ಈಗ ಇಲ್ಲ.

ಮಾರನೆಯ ಬೆಳಿಗ್ಗೆ ಬಾಚಯ್ಯ ಬಂದ. ಕೂತುಕೊಳ್ಳದೆ ಬಾಗಿಲಲ್ಲೇ ನಿಂತು ಹೇಳಿದ: "ಕೇತ, ನನ್ನ ಹಕ್ಕಿ ಹೋಯ್ತು ಕಣೋ. ಎಷ್ಟು ಕೂಗಿದರೂ ಬರಲಿಲ್ಲ. ಅದರ ಕಣ್ಣು ತೆರೆದವನು ನೀನು. ನೀನು ಕರೆದರೆ ಬರಬಹುದೇನೋ, ಬಾ."

ಸೋವವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು. ಕೇತೋಜನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಬುರುಡೆ, ಬಲೆ, ಮೇಣ, ಎಲ್ಲವನ್ನೂ ಹೇಳಿದ. ಬಾಚಯ್ಯ ಕೇಳಿಸಿಕೊಂಡು, ಹತ್ತಿರ ಬಂದು, ಕೆನ್ನೆಗೆ ಒಂದು ಬಾರಿಸಿದ. ಆಮೇಲೆ, "ಉಳಿ ತಗೊ, ನಡಿ" ಎಂದ. ಕೇತೋಜ ಉಳಿಯ ಜೊತೆ ಆನೆಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟ.

ಗವಿಯೊಳಗೆ ಕಾಲಿಟ್ಟೊಡನೆ ಅವರ ದೀಪ ಆರಿತು. ಎಲ್ಲೋ ರೆಕ್ಕೆ ಪಟಪಟ ಬಡಿಯುತ್ತಿತ್ತು. ಕೇತೋಜ ಮೆಲ್ಲಗೆ ಕರೆದ. ಅವನ ಕೈಯಿಂದಲೇ ಕುರುಡಾಗಿದ್ದ ಹಕ್ಕಿ, ಪಾಪ, ಅವನ ಕೈಗೇ ಬಂದು ಕೂತಿತು. ಕೇತೋಜ ಕತ್ತಲಲ್ಲಿ ಬಿಕ್ಕಿ ಬಿಕ್ಕಿ ಅತ್ತ. ಬಾಚಯ್ಯ ಹಕ್ಕಿಯನ್ನು ಹಿಡಿದುಕೊಂಡ, ಕೇತೋಜ ಬೆರಳಿನಿಂದಲೇ ತಡವಿ ಮೇಣಕ್ಕೆ ಉಳಿ ಇಟ್ಟ.

"ಎತ್ತ ಕೊರೀತಿದೀಯೋ?" ಎಂದು ಬಾಚಯ್ಯ ಅವನ ಕೈ ಹಿಡಿದ.

"ನೇರವಾಗಿ. ಆಗ ಬೇಕೂಂತಲೇ ಓರೆ ಮಾಡಿದ್ದೆ. ಹೊಟ್ಟೆ ಉರಿದು ಮಾಡಿದ್ದು. ಈಗಲಾದರೂ ಸರಿ ಮಾಡ್ತೀನಿ, ಬಿಡು."

"ಅಯ್ಯೋ, ಸರಿ ಮಾಡಿ ಕೆಡಿಸಬೇಡ ಮಾರಾಯ! ಆ ಓರೆಗಣ್ಣಿಗೇ ಜನ ಬರೋದು. ಕೊನೇಲಿ ಅದು ತಿರುಗಿ ಓರೆಯಾಗಿ ಒಂದು ನೋಟ ನೋಡುತ್ತಲ್ಲ, ‘ಹೆಂಗೆ?’ ಅನ್ನೋ ಹಾಗೆ, ಅದಕ್ಕೇ ಕಣೋ ಸಿಳ್ಳೆ. ಉಳಿದ ಗೊಂಬೆಗಳಿಗೂ ಅಂಥ ಕಣ್ಣು ಮಾಡೋಣಾಂತ ಎಷ್ಟು ತೊಗಲು ಹಾಳು ಮಾಡಿದೆ ಗೊತ್ತಾ? ನನ್ನ ಕೈಗೆ ಬರಲೇ ಇಲ್ಲ. ನಿನ್ನ ಕೈ ನೆನೆದರೆ ನನಗೆ ಅವತ್ತಿನಿಂದ ಹೊಟ್ಟೆಕಿಚ್ಚು."

ಕೇತೋಜ ಉಳಿಯನ್ನು ಓರೆಗೆ ತಿರುಗಿಸಿ ಹಿಂದಿನಂತೆಯೇ ಕೊರೆದ.

ಹಕ್ಕಿ ಕಣ್ಣು ಮಿಟುಕಿಸಿತು. ಅದರ ಮೈಯಿಂದಲೇ ನೀಲಿ ಬೆಳಕು ಎದ್ದು ಗವಿ ತುಂಬಿತು. ಮೂಲೆಯಲ್ಲಿ ಕತ್ತಲರಾಯ ಮುದುಡಿ ನಿಂತಿದ್ದ. ಮಿಂಚುಳ್ಳಿ ಕತ್ತು ತಿರುಗಿಸಿ ಅವನನ್ನು ಓರೆಯಾಗಿ ಒಂದು ನೋಟ ನೋಡಿತು. ಹುಟ್ಟಿದಂದಿನಿಂದ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಅವನು ತುಟಿ ಬಿಗಿಹಿಡಿದ. ಮೂಗಿನಿಂದ ನಗು ಬಂತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ಅವನ ಮೈಮೇಲಿನ ಮಾಯೆಯೆಲ್ಲ ಕರಿಬಟ್ಟೆಯಾಗಿ ಕಳಚಿ ಬಿತ್ತು. ಒಳಗಿದ್ದವನು ಒಬ್ಬ ಸಣಕಲು ಮುದುಕ. ಗೋಡೆಯ ಮೇಲೆ ಅವನಿಗೂ ಒಂದು ಪುಟ್ಟ ನೆರಳು ಬಿದ್ದಿತ್ತು. ಅದನ್ನು ಮುಟ್ಟಿ ಮುಟ್ಟಿ ನೋಡಿದ. ಬುರುಡೆಯಿಂದ ರಾಗ ಹೊರಬಂತು, ಬಲೆಯಿಂದ ಅಕ್ಷರಗಳು ಹಾರಿದವು, ಊರೂರ ಮುಂಗೊಂಬೆಗಳಿಗೂ ಜೀವ ಮರಳಿತು.

ಹೊರಗೆ ಬಂದು ಬಿಸಿಲಲ್ಲಿ ಕೂತ ಮೇಲೆ ಕೇತೋಜ ಚೀಲದಿಂದ ಆನೆಯನ್ನು ತೆಗೆದ. ಹಕ್ಕಿಯ ಕಣ್ಣಿಂದ ಬಂದ ಮೇಣದಿಂದಲೇ ಅದರ ಕಣ್ಣನ್ನು ತುಂಬಿ, ಉಳಿಯನ್ನು ಬಾಚಯ್ಯನ ಮುಂದೆ ಹಿಡಿದ. "ವೀಳ್ಯ ತಂದಿಲ್ಲ" ಎಂದ.

"ಕೆನ್ನೆ ಊದಿದೆಯಲ್ಲ, ಅದೇ ಸಾಕು" ಎಂದು ಬಾಚಯ್ಯ ಉಳಿ ತೆಗೆದುಕೊಂಡು, ನಾಲಿಗೆ ಕಚ್ಚಿಕೊಂಡು ಕೊರೆದ. ಆನೆ ಕಿವಿ ಬೀಸಿತು. ಬಾಲ ಆಡಿಸಿತು. ಸೊಂಡಿಲೆತ್ತಿ, ಇಷ್ಟು ವರ್ಷ ತನ್ನನ್ನು ನೂಕುತ್ತಿದ್ದವನ ತಲೆಯ ಮೇಲೆ ಹೂವು ಸುರಿಸಿತು.

ಹುಣ್ಣಿಮೆಯ ದಿನ ಅರಮನೆಯ ತೆರೆಯ ಮೇಲೆ ಎರಡೂ ಕುಣಿದವು. ಯಾರಿಗೆ ಹೆಚ್ಚು ಸಿಳ್ಳೆ ಎಂದು ರಾಜನಿಗೆ ತಿಳಿಯದೆ, ಇಬ್ಬರನ್ನೂ ಅರಮನೆಯ ಮೇಳ ಎಂದು ಕರೆದ. ಮಾಯಾವಿಯ ಕರಿಬಟ್ಟೆ ಕತ್ತಲಮನೆಯ ಬಾಗಿಲಿಗೆ ಪರದೆಯಾಯಿತು. ನೆರಳು ಬಂದ ಮುದುಕ ಅದರ ಪಕ್ಕದಲ್ಲಿ ಕೂತು ದಿನವೂ ಆಟ ನೋಡಿದ. ತೆರೆನಾಡಿನಲ್ಲಿ ಮತ್ತೆ ಎಲ್ಲರೂ ಸುಖವಾಗಿದ್ದರು.

ಕೇತೋಜನೂ ಸುಖವಾಗಿದ್ದ. ಹಾಗೆಂದು ಹೊಟ್ಟೆಕಿಚ್ಚು ಪೂರ್ತಿ ಆರಿತೆಂದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಮಿಂಚುಳ್ಳಿಗೆ ಸಿಳ್ಳೆ ಬಿದ್ದಾಗ ಅವನ ಹೊಟ್ಟೆಯಲ್ಲಿ ಈಗಲೂ ಒಂದಿಷ್ಟು ಬೆಚ್ಚಗಾಗುತ್ತಿತ್ತು. ಆದರೆ ಅವನು ಕಾಲ ಹೆಬ್ಬೆರಳು ನೋಡುವುದನ್ನು ಬಿಟ್ಟಿದ್ದ. ತಲೆಯೆತ್ತಿ ಕೂತು ಆ ನೋಟಕ್ಕಾಗಿ ಕಾಯುತ್ತಿದ್ದ. ಹಕ್ಕಿ ತಿರುಗಿ ಓರೆಯಾಗಿ ನೋಡಿದಾಗ, ಆ ಕಣ್ಣು ತೆರೆದವನು ತಾನೆಂಬ, ಯಾರಿಗೂ ಹೇಳುವಂತಿಲ್ಲದ ಮಾತನ್ನು ಬಾಯೊಳಗೇ ಇಟ್ಟುಕೊಂಡು, ಎರಡು ಬೆರಳು ತುಟಿಗಿಟ್ಟು, ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕುತ್ತಿದ್ದ.