ಎಡಗೆನ್ನೆಯ ಬಿಸಿ

ದೂರದ ನಕ್ಷತ್ರ ಸಿಡಿದಾಗ ಹೊಮ್ಮುವ ಗಾಮಾ ಕಿರಣಗಳನ್ನು ನಮ್ಮ ಉಪಗ್ರಹ ಹಿಡಿಯುತ್ತದೆ. ಕಚೇರಿಯಲ್ಲಿ ಅಲಾರಂ ಹೊಡೆದುಕೊಂಡ ಕೂಡಲೇ ನಾನು ಸಾಹೇಬರಿಗೆ ಫೋನ್ ಮಾಡಬೇಕು, ಹಲೋ ಎನ್ನದೆ ಅವರು "ಎಲ್ಲಿಂದ?" ಎಂದಷ್ಟೇ ಕೇಳುತ್ತಾರೆ.

ಆ ಮಧ್ಯಾಹ್ನ ಅಲಾರಂ ಹೊಡೆದುಕೊಂಡಾಗ ನನ್ನ ಎಡಗೆನ್ನೆ ಸುಮ್ಮಸುಮ್ಮನೆ ಬಿಸಿಯಾಯಿತು. ಉಪಗ್ರಹ ತೋರಿಸಿದ ದಿಕ್ಕು ಆಕಾಶದ್ದಲ್ಲ, ನಮ್ಮ ಕಟ್ಟಡದ್ದು.

"ಎಲ್ಲಿಂದ?"

"ಇಲ್ಲಿಂದಲೇ ಸರ್."

"ತಲೆ ಕೆಟ್ಟಿದೆಯೇನಯ್ಯಾ? ರಜೆ ಹಾಕಿ ಮಲ್ಕೋ ಹೋಗು."

ಯಾರಿಗೂ ಹೇಳದೆ, ಕೆರೆಯ ಹಿಂದಿನ ಬೀದಿಯಲ್ಲಿರುವ ತಂಗಿಯ ಮನೆಗೆ ಹೋದೆ. ಮರುದಿನ ಅವಳ ಕೂಸನ್ನು ಎತ್ತಿಕೊಂಡಿದ್ದಾಗ ಕೆನ್ನೆ ಮತ್ತೆ ಬಿಸಿಯಾಯಿತು. ಕೂಸು ಅಲ್ಲಿಗೇ ತನ್ನ ಕೆನ್ನೆ ಒತ್ತಿ ನಕ್ಕಿತು. ಅಷ್ಟರಲ್ಲಿ ಸಾಹೇಬರ ಫೋನು. ಈ ಸಲ ಅವರು ಎಲ್ಲಿಂದ ಎಂದು ಕೇಳಲಿಲ್ಲ.

"ಕೆರೆ ಹಿಂದಿನ ಬೀದೀಲಿದ್ದೀಯಲ್ವಾ?" ಎಂದರು.

ಅಂದಿನಿಂದ ನನ್ನ ಕೆನ್ನೆ ಬಿಸಿಯಾಗಿಲ್ಲ. ನಾನು ಕೆಲಸಕ್ಕೆ ಮರಳಿದರೂ ಅಲಾರಂ ಮಾತ್ರ ಹೊಡೆದುಕೊಳ್ಳುತ್ತಲೇ ಇದೆ. ದಿಕ್ಕು ತಂಗಿಯ ಮನೆಯದೇ.