ನೀಲಿ ದಾರದ ಮಾಸ್ಕ್

"ಮಾಸ್ಕ್ ಕೇಳಿದ್ರೆ ಸೂಜಿ ದಾರ ಕೊಡ್ತೀರಲ್ಲ... ತಮಾಷೆ ಮಾಡ್ತಿದ್ದೀರಾ?"

ಉಗ್ರಾಣದ ಕಿಟಕಿಯ ಈಚೆ ನಿಂತ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಕೈಯಲ್ಲಿ ಪಟ್ಟಿ ಕಿತ್ತುಹೋದ ಮಾಸ್ಕ್. ಇನ್ನೊಂದು ಕೈಯಲ್ಲಿ, ಆಗಷ್ಟೇ ಅವನು ಕೊಟ್ಟ ಸೂಜಿ ಮತ್ತು ನೀಲಿ ದಾರ.

"ಹೊಸದು ಬಂದಿಲ್ಲ. ಪಟ್ಟಿ ಮಾತ್ರ ಹೊಲೀರಿ. ಮಾಸ್ಕ್‌ಗೆ ಸೂಜಿ ತಾಗಿಸ್ಬೇಡಿ. ತೂತು ಬಿದ್ರೆ ಹಾಕಿದ್ರೂ ಒಂದೇ, ಬಿಟ್ರೂ ಒಂದೇ," ಎಂದ ಅವನು, ತಲೆ ಎತ್ತದೆ.

"ನಾನು ಮೂವತ್ತು ಮನೆ ಹತ್ತಿಳೀಬೇಕು. ಅದರಲ್ಲಿ ಒಂಬತ್ತು ಮನೇಲಿ ಜ್ವರ. ನೀವು ಒಳಗೆ ತಣ್ಣಗೆ ಕೂತ್ಕೊಂಡು ನನಗೆ ಹೊಲಿಗೆ ಪಾಠ ಹೇಳ್ತೀರಾ?"

ಅವಳು ಮೆಟ್ಟಿಲ ಮೇಲೆ ಕೂತು, ಸಿಟ್ಟಿನಲ್ಲಿ ಎರಡು ಸಲ ಬೆರಳು ಚುಚ್ಚಿಕೊಂಡು, ಪಟ್ಟಿ ಹೊಲಿದಳು. ಹೊಲಿಗೆ ಸೊಟ್ಟಗಾಯಿತು. ಮಾಸ್ಕ್ ಹಾಕಿಕೊಂಡರೆ ಎಡಗೆನ್ನೆಯ ಹತ್ತಿರ ಸಣ್ಣ ಸಂದು ಉಳಿಯುತ್ತಿತ್ತು.

ಅವಳು ಆ ಆರೋಗ್ಯ ಕೇಂದ್ರದಿಂದ ಮನೆ ಮನೆಗೆ ಹೋಗುವ ಹನ್ನೆರಡು ಕಾರ್ಯಕರ್ತೆಯರಲ್ಲಿ ಒಬ್ಬಳು. ಬಾಗಿಲು ತಟ್ಟಿ ಜ್ವರ ನೋಡುವವಳಾದ್ದರಿಂದ ಓಣಿಯವರಿಗೆಲ್ಲ ಅವಳು 'ಜ್ವರದಕ್ಕ'. ಅವನು ಹೊಸದಾಗಿ ಬಂದ ಸ್ಟೋರ್ ಕೀಪರ್. ಏನು ಕೇಳಿದರೂ ಇಲ್ಲ ಎನ್ನುತ್ತಿದ್ದರಿಂದ ಹನ್ನೆರಡು ಜನವೂ ಸೇರಿ ಅವನಿಗೆ 'ಬೀಗ' ಎಂದು ಹೆಸರಿಟ್ಟಿದ್ದರು. ಅವನ ತಪ್ಪಾದರೂ ಏನು? ಬೀರುವಿನಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಆದರೆ ಬೀರುವನ್ನು ಬೈದು ಏನು ಪ್ರಯೋಜನ, ಅದರ ಮುಂದೆ ಕೂತವನನ್ನೇ ಬೈಯಬೇಕು.

ಅಲ್ಲಿ ಒಂದು ಪದ್ಧತಿ ಇತ್ತು. ಒಬ್ಬೊಬ್ಬರಿಗೆ ಆರು ಮಾಸ್ಕ್, ಆರು ಕಾಗದದ ಕವರ್. ಕವರಿನ ಮೇಲೆ ಹೆಸರು ಮತ್ತು ವಾರ. ಬುಧವಾರ ಹಾಕಿದ್ದನ್ನು ಸಂಜೆ ಬುಧವಾರದ ಕವರಿಗೆ ಹಾಕಿ ಕಿಟಕಿಯಲ್ಲಿ ಕೊಡಬೇಕು. ಅದು ಉಗ್ರಾಣದ ಹಲಗೆಯ ಮೇಲೆ ಸುಮ್ಮನೆ ಕೂತು, ಅಂಟಿದ್ದು ಏನಾದರೂ ಇದ್ದರೆ ಸಾಯುವಷ್ಟು ದಿನ ಕಳೆದು, ಮುಂದಿನ ಬುಧವಾರ ಮತ್ತೆ ಮುಖಕ್ಕೆ ಬರುತ್ತಿತ್ತು. ಅವಳು ನೀಲಿ ದಾರದಲ್ಲಿ ಹೊಲಿದದ್ದು ಬುಧವಾರದ್ದೇ. ಮಾಸ್ಕಿಗೆ ವಾರಕ್ಕೆ ಆರು ದಿನ ರಜೆ, ಹಾಕಿಕೊಳ್ಳುವವರಿಗೆ ಒಂದೇ ದಿನ.

ಹೀಗಾಗಿ ಪ್ರತಿ ಸಂಜೆ ಅವಳು ಕಿಟಕಿಗೆ ಬರಲೇಬೇಕಿತ್ತು. ಬಂದವಳು ದಿನದ ಸಿಟ್ಟನ್ನೆಲ್ಲ ಅಲ್ಲೇ ಇಳಿಸಿ ಹೋಗುತ್ತಿದ್ದಳು.

"ಇವತ್ತು ಒಬ್ಬರು ಮುಖದ ಮೇಲೇ ಬಾಗಿಲು ಹಾಕಿದ್ರು. ನಾನೇ ರೋಗ ತರ್ತೀನಂತೆ."

"ಹೂಂ."

"ಮನೇಲಿ ಅಪ್ಪಂಗೆ ಒಂದು ಶ್ವಾಸಕೋಶ ಸರಿಯಿಲ್ಲ. ಹಳೇ ಕಾಯಿಲೆ. ನನ್ನಿಂದ ಅವರಿಗೆ ಅಂಟಿದ್ರೆ ಮುಗೀತು. ಈ ಸಂದು ನೋಡಿ, ಬೆರಳು ಹೋಗತ್ತೆ ಇದರಲ್ಲಿ."

ಅವನು ಆ ಬುಧವಾರ ತಲೆ ಎತ್ತಿ ಅವಳ ಎಡಗೆನ್ನೆಯನ್ನು ನೋಡಿದ. ಮತ್ತೆ ಕವರುಗಳನ್ನು ಜೋಡಿಸತೊಡಗಿದ.

'ಇವನಿಗೆ ಬಾಯಿಗೂ ಬೀಗವೇ,' ಎಂದುಕೊಂಡಳು. ಆದರೂ ಯಾರಿಗೂ ಹೇಳದ ಮಾತು ಇವನಿಗೇ ಯಾಕೆ ಹೇಳಿದೆ ಎಂದು ಮನೆಗೆ ನಡೆಯುವ ದಾರಿಯುದ್ದಕ್ಕೂ ಅವಳಿಗೆ ಕಸಿವಿಸಿಯಾಯಿತು.

ಮುಂದಿನ ಮಂಗಳವಾರ ಕಾರ್ಯಕರ್ತೆಯರಲ್ಲಿ ಹಿರಿಯಳಾದ ದೊಡ್ಡಕ್ಕನಿಗೆ ಪಾಸಿಟಿವ್ ಬಂತು. ಮರುದಿನ ಜ್ವರದಕ್ಕ ಹೊತ್ತಾಗಿತ್ತೆಂದು ತನ್ನ ಕವರ್ ಹರಿದು, ನೋಡದೆ ಮಾಸ್ಕ್ ಸಿಕ್ಕಿಸಿಕೊಂಡು ಓಡಿದಳು. ಮಧ್ಯಾಹ್ನ ನೀರು ಕುಡಿಯಲು ತೆಗೆದಾಗ ಕೈ ಅಲ್ಲೇ ನಿಂತಿತು. ಪಟ್ಟಿಯಲ್ಲಿ ನೀಲಿ ದಾರವಿರಲಿಲ್ಲ.

ಇದು ತನ್ನದಲ್ಲ. ಹಾಗಾದರೆ ಯಾರದು? ಹಲಗೆಯ ಮೇಲೆ ತನ್ನ ಕವರುಗಳ ಪಕ್ಕದಲ್ಲೇ ಇರುತ್ತಿದ್ದದ್ದು ದೊಡ್ಡಕ್ಕನ ಕವರುಗಳು...

ಅವಳು ಕಿಟಕಿಗೆ ಹೋಗಲಿಲ್ಲ. ನೇರ ಡಾಕ್ಟರಮ್ಮನ ಕೋಣೆಗೇ ಹೋದಳು. ಅವನನ್ನು ಕರೆಸಿದರು.

"ಕವರ್ ಅದಲು ಬದಲು ಮಾಡಿದ್ದೀರಾ?"

"ಇಲ್ಲ ಮೇಡಂ. ಅದು ಹೊಸ ಮಾಸ್ಕೇ."

"ಹೊಸದು ಎಲ್ಲಿಂದ ಬಂತು? ಇಲ್ಲ ಇಲ್ಲ ಅಂತ ನೀವೇ ಹೇಳ್ತಿದ್ರಲ್ಲ," ಎಂದಳು ಅವಳು. "ಅರ್ಧ ದಿನ ಇದರಲ್ಲೇ ಉಸಿರಾಡಿದ್ದೀನಿ. ಮನೇಲಿ ಅಪ್ಪ ಇದ್ದಾರೆ ಅಂತ ನಿಮಗೆ ಗೊತ್ತಿತ್ತು. ಹೇಳಿ, ಎಲ್ಲಿಂದ ಬಂತು?"

ಅವನು ಅವಳನ್ನು ನೋಡಿದ. ಡಾಕ್ಟರಮ್ಮನನ್ನು ನೋಡಿದ. ಬಾಗಿಲಲ್ಲಿ ಇಣುಕುತ್ತಿದ್ದ ಉಳಿದ ಕಾರ್ಯಕರ್ತೆಯರನ್ನು ನೋಡಿದ.

"ತಪ್ಪಾಯ್ತು ಮೇಡಂ," ಎಂದ.

ಅಷ್ಟೇ. ಡಾಕ್ಟರಮ್ಮ ಉಗ್ರಾಣದ ಬೀಗದ ಕೈ ಇಸಿದುಕೊಂಡು, ಅವನನ್ನು ಅಂಗಳದ ತಗಡಿನ ಚಪ್ಪರಕ್ಕೆ, ಸ್ವ್ಯಾಬ್ ತೆಗೆಯುವ ಕಡೆ ಹಾಕಿದರು. ಮೂಗಿಗೆ ಕಡ್ಡಿ ಹಾಕುವ ಲ್ಯಾಬಿನವನ ಪಕ್ಕದಲ್ಲಿ ಕೂತು ಟ್ಯೂಬಿಗೆ ಚೀಟಿ ಅಂಟಿಸುವ ಕೆಲಸ. ಕೆಮ್ಮುವವರೆಲ್ಲ ಮಾಸ್ಕ್ ಇಳಿಸಿ ಕೆಮ್ಮುತ್ತಿದ್ದದ್ದು ಅಲ್ಲೇ.

ಅವಳಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ.

ಅಂದಿನಿಂದ ಅವಳ ಹಾಸಿಗೆ ಜಗುಲಿಗೆ ಬಂತು. ಊಟದ ತಟ್ಟೆಯನ್ನು ಅಪ್ಪ ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು.

"ಒಳಗೆ ಬಾ ಮಗಳೇ. ನನಗೆ ಏನೂ ಆಗಲ್ಲ."

"ಸುಮ್ನಿರಿ ಅಪ್ಪ. ಟೆಸ್ಟ್ ಆಗೋವರೆಗೂ ಇಲ್ಲ."

"ಆ ಹುಡುಗ ಬೇಕು ಅಂತ ಮಾಡಿರ್ತಾನಾ?"

ಅದೇ ಪ್ರಶ್ನೆ ಅವಳನ್ನೂ ತಿನ್ನುತ್ತಿತ್ತು. ಹಾಗೆ ಮಾಡುವವನಲ್ಲ ಎಂದು ಮನಸ್ಸು ಹೇಳುತ್ತಿತ್ತು. ಹಾಗಾದರೆ ಯಾಕೆ ಒಪ್ಪಿಕೊಂಡ? ಒಂದು ಮಾತು ಸಮಜಾಯಿಷಿ ಹೇಳಲು ಏನು ಕಷ್ಟವಿತ್ತು ಇವನಿಗೆ?

ಐದನೆಯ ದಿನ ಟೆಸ್ಟಿಗೆ ಹೋದಳು. ಚಪ್ಪರದ ಕೆಳಗೆ ಅವನು ಪ್ಲಾಸ್ಟಿಕ್ ಗೌನಿನಲ್ಲಿ ಬೆವರುತ್ತಾ ಕೂತಿದ್ದ. ಕುರ್ಚಿ ತೋರಿಸಿ, ಹೆಸರು ಬರೆಯಲು ತಲೆ ತಗ್ಗಿಸಿದ. ಅವನ ಕಿವಿಯ ಮೇಲಿಂದ ಹಾದುಹೋದ ಪಟ್ಟಿಯಲ್ಲಿ ನೀಲಿ ದಾರ ಕಂಡಿತು. ಸೊಟ್ಟ ಹೊಲಿಗೆ. ತನ್ನದೇ ಹೊಲಿಗೆ. ಅವನ ಎಡಗೆನ್ನೆಯ ಹತ್ತಿರ ಅದೇ ಸಂದು.

"ಅದು ನನ್ನ ಮಾಸ್ಕ್," ಎಂದಳು.

ಅವನ ಪೆನ್ನು ನಿಂತಿತು.

"ನನ್ನ ಕವರಲ್ಲಿ ಇದ್ದಿದ್ದು ನಿಮ್ಮದಾ?"

"ನನಗೂ ಆರು ಕೊಟ್ಟಿದ್ರು. ಒಂದರ ಪ್ಯಾಕೆಟ್ ಒಡೆದೇ ಇರ್ಲಿಲ್ಲ. ನಾನು ಒಬ್ಬನೇ ಒಳಗೆ ಕೂತಿರ್ತಿದ್ದೆ... ನನಗೆ ಇದು ಸಾಕಾಗಿತ್ತು."

"ಇಲ್ಲಿ ಸಾಕಾಗತ್ತಾ? ನೂರು ಜನ ಕೆಮ್ಮೋ ಜಾಗದಲ್ಲಿ?" ಅವಳ ಕಣ್ಣು ತುಂಬಿಬಂತು. ಅದರ ಹಿಂದೆಯೇ ಕೋಪವೂ ಬಂತು. "ನಾನು ಕೇಳಿದ್ನಾ ನಿಮ್ಮ ಪಾಲಿನದು ಕೊಡಿ ಅಂತ? ನನ್ನ ಬದಲು ನೀವು ಮಲಗಿದ್ರೆ ನನಗೆ ಖುಷಿಯಾಗತ್ತಾ? ಆವತ್ತೇ ಡಾಕ್ಟರಮ್ಮನ ಎದುರು ಯಾಕೆ ಬಾಯಿ ಬಿಡ್ಲಿಲ್ಲ?"

"ಮೇಡಂ, ಮೂಗು ಇತ್ತ ಕೊಡಿ. ಜಗಳ ಆಮೇಲೆ ಆಡಿ. ಹಿಂದೆ ಕ್ಯೂ ಇದೆ," ಎಂದ ಲ್ಯಾಬಿನವನು.

ಕಡ್ಡಿ ಹೋಗಿ ಬಂತು. ಅವಳು ಏಳಲಿಲ್ಲ.

ಅವನು ಟ್ಯೂಬಿಗೆ ಚೀಟಿ ಅಂಟಿಸುತ್ತಾ ಮೆಲ್ಲನೆ ಹೇಳಿದ. "ಹನ್ನೆರಡು ಜನ ಇದ್ದೀರಿ. ಎಲ್ಲರ ಮಾಸ್ಕೂ ಹಾಗೇ ಇದೆ. ನಿಮಗೇ ಯಾಕೆ ಕೊಟ್ಟೆ ಅಂತ ಕೇಳಿದ್ರೆ ಏನು ಹೇಳ್ಲಿ? ಇದ್ದಿದ್ದು ಒಂದೇ ಉತ್ತರ. ಅದನ್ನ ಅಷ್ಟು ಜನರ ಎದುರು ಹೇಳಿದ್ರೆ ನಿಮ್ಮ ಹೆಸರು ಕೆಡ್ತಿತ್ತು."

ಹಿಂದಿನವರು ಕೆಮ್ಮಿದರು. ಅವಳು ಎದ್ದಳು.

ಎದ್ದವಳು ನೇರ ಡಾಕ್ಟರಮ್ಮನ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಲಿನ ಅಧಿಕಾರಿಗಳು ತಪಾಸಣೆಗೆ ಬಂದಾಗ ಕೊಡಲೆಂದು ಕೋಣೆಯ ಮೂಲೆಯಲ್ಲಿ ಎತ್ತಿಟ್ಟಿದ್ದ ಹೊಸ ಮಾಸ್ಕಿನ ಎರಡು ಪೆಟ್ಟಿಗೆಗಳನ್ನು ತೋರಿಸಿ, ಅವು ಒಡೆಯುವವರೆಗೆ ನಾಳೆ ಯಾರೂ ಓಣಿಗೆ ಇಳಿಯುವುದಿಲ್ಲ ಎಂದಳು. ಮರುದಿನ ಕೇಂದ್ರದ ಅಂಗಳದಲ್ಲಿ ಹನ್ನೊಂದು ಜನ ಹತ್ತಿರ ಹತ್ತಿರ, ರಿಪೋರ್ಟ್ ಬಾರದ ಅವಳು ಮಾತ್ರ ದೂರ ಬೇವಿನ ಮರದ ಕೆಳಗೆ, ಕೂತೇ ಬಿಟ್ಟರು. ದೊಡ್ಡಕ್ಕನ ಬದಲು ಅವಳ ತಂಗಿ ಬಂದು ಕೂತಿದ್ದಳು.

"ನನಗೂ ಕೇಳಿ ಕೇಳಿ ಸಾಕಾಗಿದೆ ಕಣ್ರಮ್ಮ," ಎಂದು ಡಾಕ್ಟರಮ್ಮ ತಾವೇ ಕತ್ತರಿ ತಂದು ಪೆಟ್ಟಿಗೆ ಒಡೆದರು. ಮೇಲಿನವರು ಬಂದಾಗ ನೋಡಿಕೊಂಡರಾಯಿತು ಎಂದರು.

ಆದರೆ ಅವನ ಪಾಲಿಗೆ ತಡವಾಗಿತ್ತು. ಅವಳ ರಿಪೋರ್ಟ್ ನೆಗೆಟಿವ್ ಬಂತು. ಜ್ವರ ಬಂದು ಟೆಸ್ಟ್ ಮಾಡಿಸಿಕೊಂಡಿದ್ದ ಅವನದು ಪಾಸಿಟಿವ್.

ಬೆಳಗಿನ ರೋಗಿಗಳ ಪಟ್ಟಿಯಲ್ಲಿ ಅವನ ವಿಳಾಸವಿತ್ತು. ಅವಳದೇ ಓಣಿಗಳ ಕೊನೆಯ ಮಹಡಿ ಕೋಣೆ. ಬಾಗಿಲಿಗೆ ಕ್ವಾರಂಟೈನ್ ಚೀಟಿಯನ್ನು ಅವಳೇ ಅಂಟಿಸಿದಳು. ತಾನೇ ದೂರು ಕೊಟ್ಟು ಕಳಿಸಿದ್ದಲ್ಲವೇ ಇವನನ್ನು ಆ ಚಪ್ಪರಕ್ಕೆ...

"ಎಷ್ಟಿದೆ ಆಕ್ಸಿಜನ್?" ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಬಾಗಿಲಲ್ಲಿ ಇಟ್ಟು ಮೆಟ್ಟಿಲ ಕೆಳಗಿನಿಂದ ಕೇಳಿದಳು.

"ತೊಂಬತ್ತಾರು," ಒಳಗಿನಿಂದ ದನಿ ಬಂತು.

ಐದನೆಯ ದಿನ ತೊಂಬತ್ತೆರಡಾಯಿತು. ಅವಳು ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೂ ಬೋರಲು ಮಲಗಿ ಎಂದು ಬೈದು ಮಲಗಿಸಿ, ಅವನು ನಿಧಾನವಾಗಿ ಉಸಿರಾಡಲೆಂದು ಬಾಗಿಲ ಹೊರಗೆ ನಿಂತು ಗಟ್ಟಿಯಾಗಿ ಒಂದು, ಎರಡು ಎಣಿಸಿದಳು. ಆಂಬುಲೆನ್ಸ್ ಬರುವ ಹೊತ್ತಿಗೆ ತೊಂಬತ್ತೈದಕ್ಕೆ ಏರಿತ್ತು. ಆದರೂ ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಳಿಸಿದರು. ಆ ಎರಡು ದಿನ ಅವಳು ಯಾರ ಮನೆಯಲ್ಲಿ ಏನು ಬರೆದುಕೊಂಡಳೋ ಅವಳಿಗೇ ನೆನಪಿಲ್ಲ.

ಹದಿನೈದನೆಯ ದಿನ ಚೀಟಿ ಕೀಳಲು ಬಂದಾಗ ಅವನೇ ಬಾಗಿಲು ತೆರೆದ. ಇಳಿದುಹೋಗಿದ್ದ. ಅವಳು ಕಾಗದದ ಕವರ್ ಚಾಚಿದಳು.

"ಹೊಸ ಮಾಸ್ಕ್. ಇದು ನಿಮ್ಮ ಪಾಲಿನದು. ನನ್ನದು ನನ್ನ ಮುಖದ ಮೇಲಿದೆ. ಇನ್ಮೇಲೆ ಅದಲು ಬದಲು ಇಲ್ಲ. ಇಬ್ಬರೂ ಹುಷಾರಾಗಿರ್ಬೇಕು."

"ಆಯ್ತು."

"ಸೂಜಿನೂ ಇದೆ ಅದರಲ್ಲಿ. ನಿಮ್ಮದೇ." ಅವಳು ಚೀಟಿಯ ಅಂಟನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. "ಆವತ್ತು ಎಲ್ಲರ ಎದುರು ನಿಮ್ಮನ್ನ ಹಾಗೆ ಅಂದೆ. ತಪ್ಪು ನಂದು."

"ನೀವು ಅಪ್ಪನಿಗೋಸ್ಕರ ಹೆದರಿದ್ರಿ. ಅದರಲ್ಲೇನು ತಪ್ಪು."

"ನನ್ನ ಪಟ್ಟಿಯಲ್ಲಿ ಮೂವತ್ತು ಮನೆ. ಈ ಮನೆಗೆ ಮಾತ್ರ ದಿನಕ್ಕೆ ಎರಡು ಸಲ ಬಂದೆ. ಯಾಕೆ ಅಂತ ಕೇಳಲ್ವಾ?"

"ಯಾಕೆ?"

"ನೀವು ಡಾಕ್ಟರಮ್ಮನ ಎದುರು ಹೇಳದೇ ಇದ್ದ ಉತ್ತರಾನೇ."

ಅವನು ಕವರನ್ನು ತಿರುಗಿಸಿ, ಮೇಲೆ ಬರೆದಿದ್ದ ತನ್ನ ಹೆಸರು ನೋಡಿದ.

"ಅಲ್ಲಿ ಹೇಳೋಕೆ ಆಗ್ಲಿಲ್ಲ," ಎಂದ. "ನಿಮ್ಮ ಅಪ್ಪನ ಎದುರು ಹೇಳ್ತೀನಿ. ಬರ್ಲಾ?"

"ಬನ್ನಿ. ನಮ್ಮನೆ ಕಿಟಕಿಯ ಈಚೆ ನಿಂತು ಹೇಳಿ," ಎಂದಳು ಅವಳು. "ಅವರಿಗೆ ಕಿವಿ ಚೆನ್ನಾಗಿ ಕೇಳತ್ತೆ."