ಹೈಪೋ ಕಾಣದ ಹುಡುಗಿ

"ಆ ಡಬ್ಬಿ ಮುಟ್ಟಬೇಡಿ ಅಳಿಯಂದಿರೇ. ಮುಟ್ಟಿದ್ರೂ ಮುಚ್ಚಳ ಮಾತ್ರ ತೆಗೀಬೇಡಿ."

ಡಾರ್ಕ್‌ರೂಮ್ ತಾತ ಇಷ್ಟು ಹೇಳಿ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ. ಅಳಿಯ ನಕ್ಕ. ಅವನ ನಗುವೂ ಅವನ ಅಂಗಿಯ ಹಾಗೆಯೇ ಇಸ್ತ್ರಿ ಮಾಡಿ ಮಡಿಸಿಟ್ಟದ್ದು.

ಮಾವ ಸತ್ತ ಮೇಲೆ ಸ್ಟುಡಿಯೋ ಅವನ ಕೈಗೆ ಬಂದು ಮೂರು ತಿಂಗಳಾಗಿತ್ತು. ಹಳೆಯ ಚಿತ್ರಗಳನ್ನು ಕಾಪಾಡುವುದು ಹೇಗೆಂದು ಅವನು ಎರಡು ವರ್ಷ ಕೋರ್ಸು ಮಾಡಿದ್ದ. ತಣ್ಣನೆಯ ಕೋಣೆ, ಬಿಳಿ ಗ್ಲೌಸು, ಗೋಡೆಯ ಮೇಲೆ ಸ್ಲೈಡು. ಒಂದೇ ಒಂದು ಪ್ರಿಂಟನ್ನು ಸ್ವಂತ ಕೈಯಿಂದ ತೊಳೆದವನಲ್ಲ. ಮಾತು ಕೇಳಿದರೆ ಮಾತ್ರ, ಸೂರ್ಯ ಬೆಳಗ್ಗೆ ಇವನ ಸಹಿ ಹಾಕಿಸಿಕೊಂಡೇ ಹೊರಗೆ ಬರುತ್ತಾನೆ ಅನ್ನಿಸಬೇಕು. ತಾತನಿಗೋ ಐವತ್ತು ವರ್ಷದ ಕೆಲಸ. ಡೆವಲಪರ್ ಕುಡಿದು ಕುಡಿದು ಅವನ ಉಗುರುಗಳು ಹುಣಸೆಬೀಜದ ಬಣ್ಣಕ್ಕೆ ತಿರುಗಿದ್ದವು. ಅಂಥವನನ್ನು ಅಳಿಯ ಎದುರಿಗೇ 'ಮ್ಯೂಸಿಯಂ ಪೀಸು' ಎಂದು ಕರೆದು, ಬೇರೆ ಯಾರೂ ನಗದಿದ್ದಾಗ ತಾನೇ ನಗುತ್ತಿದ್ದ.

ಡಬ್ಬಿ ತಗಡಿನದು. ಸುತ್ತ ಕಪ್ಪು ಕಾಗದ, ಅಂಚಿಗೆ ಮೇಣ.

"ಒಳಗೇನಿದೆ, ದೆವ್ವನಾ?"

"ನಿಮ್ಮ ಮನೆಯವರಿದ್ದಾರೆ. ಮೂರು ವರ್ಷದ ಮಗು."

ತಾತ ಹೇಳಿದ್ದು ಇಷ್ಟು. ಸ್ಟುಡಿಯೋ ಮೊದಲು ಅಣ್ಣತಮ್ಮಂದಿರಿಬ್ಬರದು. ಅಣ್ಣ ಈ ಅಳಿಯನ ಮಾವ. ಅಣ್ಣನಿಗೆ ಮಗಳು ಹುಟ್ಟಿದ ದಿನದಿಂದ, ಸ್ಟುಡಿಯೋ ಇನ್ನು ಅವಳ ಪಾಲು ಎಂದು ತಮ್ಮನ ಹೊಟ್ಟೆಯಲ್ಲಿ ಕೆಂಡ. ಅವನು ಒಬ್ಬ ಮಂತ್ರವಾದಿಯನ್ನು ಡಾರ್ಕ್‌ರೂಮಿಗೇ ಕರೆತಂದ. ಮಗುವಿನ ಕೂದಲು, ಉಗುರು ಸುಟ್ಟ ಬೂದಿಯನ್ನು ಬೆಳ್ಳಿಯ ಉಪ್ಪು ಸೇರಿದ ಜೆಲಾಟಿನ್ ಅಂಟಿನಲ್ಲಿ ಕಲಸಿ, ಅದನ್ನು ಕೈಯಿಂದ ಕಾಗದಕ್ಕೆ ಬಳಿದು, ಅದರ ಮೇಲೆ ಬಿಸಿಲಿನಲ್ಲಿ ಮಗುವಿನ ಚಿತ್ರ ಮೂಡಿಸಿದರು. ಚಿತ್ರವನ್ನು ಕಾಗದದಲ್ಲಿ ನಿಲ್ಲಿಸುವ ಮದ್ದಿನ ನೀರು ಹೈಪೋ. ಬೇಕೆಂದೇ ಅದನ್ನು ತೋರಿಸಲಿಲ್ಲ. ಹೈಪೋದಲ್ಲಿ ಅದ್ದದ ಚಿತ್ರ ನಿಲ್ಲುವುದಿಲ್ಲ. ಬೆಳಕು ಬಿದ್ದಷ್ಟೂ ಕಪ್ಪಾಗುತ್ತಲೇ ಹೋಗುತ್ತದೆ.

"ಚಿತ್ರ ಕಪ್ಪಾದ ಹಾಗೆ ಮಗು ಕಣ್ಣು ಕಪ್ಪಾಗ್ಬೇಕು. ಆಮೇಲೆ ಉಸಿರು. ಎರಡನೇ ದಿನ ನಿಮ್ಮ ಮಾವನವರಿಗೆ ಗೊತ್ತಾಯ್ತು, ಡಬ್ಬಿಗೆ ಹಾಕಿ ಮುಚ್ಚಿದ್ರು. ಮಾಟ ಕಟ್ಟಿದ ಮಂತ್ರವಾದಿ ಅದನ್ನ ಬಿಚ್ಚದೇನೇ ಸತ್ತ."

"ಮೂವತ್ತು ವರ್ಷ ಸುಮ್ನೆ ಕಾವಲು ಕೂತ್ರಾ? ಹೈಪೋದಲ್ಲಿ ಅದ್ದಿದ್ರೆ ಮುಗೀತಿತ್ತಲ್ಲ ತಾತ. ಒಬ್ಬರಿಗೂ ಹೊಳೀಲಿಲ್ವಾ?"

"ಹೊಳೀತು. ಧೈರ್ಯ ಬರಲಿಲ್ಲ."

"ಇದಕ್ಕೆ ಧೈರ್ಯ ಬೇಡ, ಕೆಮಿಸ್ಟ್ರಿ ಸಾಕು."

ತಾತ ಟ್ರೇ ತೊಳೆಯಲು ತಿರುಗಿದ. ಗೋಡೆಗೆ ಹೇಳಿದರೆ ಅದು ನಗುವುದಾದರೂ ಇಲ್ಲ.

ಮರುದಿನ ಮಧ್ಯಾಹ್ನ ತಾತ ಊಟಕ್ಕೆ ಹೊರಟ ಕೂಡಲೇ ಅಳಿಯ ಮೇಣಕ್ಕೆ ಬ್ಲೇಡು ಹಾಕಿದ. ಹೈಪೋ ಕಾಣದೆ ಮೂವತ್ತು ವರ್ಷ ಉಳಿದ ಚಿತ್ರ! ಮುಂದಿನ ವಾರ ಬರುವ ಸಂಗ್ರಹಾಲಯದವರ ಮುಂದೆ ಅದನ್ನು ಹಿಡಿದು, ಹೀಗೆ ತಲೆ ಓರೆ ಮಾಡಿ ನಿಲ್ಲಬೇಕು ಎಂದು ಅವನ ಆಸೆ. ಹೆಂಡತಿ ವಿಷಯ? ಅದು ಮುದುಕನ ಕಟ್ಟುಕತೆ. ಓದಿದವನು ಕಟ್ಟುಕತೆಗೆ ಹೆದರಿದರೆ ಓದಿನ ಮಾನ ಏನಾಗಬೇಕು?

ಮುಚ್ಚಳ ಎದ್ದಾಗ ಸುಟ್ಟ ಕೂದಲಿನ ವಾಸನೆ ಬಂತು. ಅದರ ಹಿಂದೆಯೇ ಕೊಳೆತ ಅಂಟಿನ ವಾಸನೆ. ನೇರಳೆ ಬಣ್ಣದ ಚಿತ್ರ. ಎತ್ತರದ ಸ್ಟೂಲಿನ ಮೇಲೆ ಹುಡುಗಿ, ಒಂದೇ ಕಾಲಿಗೆ ಶೂಸು. ಇನ್ನೊಂದು ಬರಿಗಾಲು ಚಿತ್ರದ ಮೂಲೆಯಲ್ಲಿ ತೂಗುತ್ತಿತ್ತು. ಅವಳ ಕಣ್ಣು ಅವನಿಗೆ ದಿನಾ ಬೆಳಗ್ಗೆ ಕಾಫಿ ಕೊಡುವ ಕಣ್ಣೇ.

ಸ್ಕ್ಯಾನರಿಗೆ ಹಾಕಿದ. ಒಮ್ಮೆ ಹಾಯಿಸಿದ್ದರೆ ಸಾಕಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಜಾತಿ ಅವನದು. ಬಿಳಿ ಬೆಳಕಿನ ಪಟ್ಟಿ ಗರ್ ಎನ್ನುತ್ತ ಹುಡುಗಿಯ ಮೈಮೇಲೆ ನಾಲ್ಕು ಸಲ ತೆವಳಿತು. ನಾಲ್ಕನೆಯ ಸಲಕ್ಕೆ ಫೋನು ಬಂತು. ಹೆಂಡತಿ.

"ರೀ, ಕರೆಂಟ್ ಹೋಯ್ತಾ ಅಂತ ಅಮ್ಮನ್ನ ಕೇಳಿದೆ. ಮಟಮಟ ಮಧ್ಯಾಹ್ನ ಯಾವ ಕರೆಂಟೇ ಅಂತ ಬೈತಿದ್ದಾಳೆ. ನಂಗೆ ಮಾತ್ರ ಕತ್ತಲಾಗ್ತಿದೆ."

"ನಿದ್ದೆ ಕಡಿಮೆಯಾಗಿದೆ. ಮಲಕ್ಕೋ."

ಹೇಳುತ್ತಲೇ ಚಿತ್ರ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಅವನ ಬೆರಳ ನಡುವೆಯೇ ಅದು ಬಣ್ಣ ಬದಲಿಸುತ್ತಿತ್ತು. ಸ್ಟೂಲು ಮುಳುಗಿತು. ಶೂಸು ಮುಳುಗಿತು. ಹಣೆಯ ಮೇಲಿಂದ ಕಪ್ಪು ಇಳಿಯತೊಡಗಿತು.

"ರೀ, ನನ್ನ ಕೈ ನಂಗೇ ಕಾಣ್ತಿಲ್ಲ."

ಬಾಗಿಲಲ್ಲಿ ತಾತ. ಊಟದ ಡಬ್ಬಿ ಮರೆತು ಹಿಂದೆ ಬಂದಿದ್ದ. ಒಂದು ಕ್ಷಣ ನೋಡಿದ.

"ಒಳಗಿಡಿ. ಮುಚ್ಚಿ. ಹೋಗಿದ್ದು ಹೋಯ್ತು, ಇರೋದಾದ್ರೂ ಉಳಿಯುತ್ತೆ."

ಇಷ್ಟೇ ಮದ್ದು. ಒಂದು ತಗಡಿನ ಮುಚ್ಚಳ. ಆದರೆ ಅದನ್ನು ಮುಚ್ಚುವವನು ತಾನು ತಪ್ಪಿದೆ ಎಂದು ಒಪ್ಪಬೇಕಲ್ಲ? ಅದೂ ಯಾರ ಮುಂದೆ? ಹುಣಸೆಬೀಜದ ಉಗುರಿನವನ ಮುಂದೆ. ಹೆಂಡತಿಯ ಕಣ್ಣು ಹೋದರೂ ಆದೀತು, ಆ ಮಾತು ಅವನ ಬಾಯಲ್ಲಿ ಬರುವಂತಿರಲಿಲ್ಲ. ಚಿತ್ರ ಹಿಡಿದು ಡಾರ್ಕ್‌ರೂಮಿಗೆ ಓಡಿದ.

ಕೆಂಪು ದೀಪ. ಮೂಗು ಸುಡುವ ಹುಳಿ ಗಾಳಿ. ಹೈಪೋ ಪುಡಿಯನ್ನು ಅಳೆಯದೆ ಟ್ರೇಗೆ ಸುರಿದ, ನೀರು ಹಾಕಿ ಕಲಕಿದ, ಚಿತ್ರವನ್ನು ಜಾರಿಸಿದ. ಫೋನನ್ನು ಸ್ಪೀಕರಿಗಿಟ್ಟ.

ಕಪ್ಪು ಕರಗಿತು. ಹಣೆ ಬಂತು. ಕಣ್ಣು ಬಂತು.

"ರೀ, ಬೆಳಕು ಬಂತು. ಕಿಟಕಿ ಕಾಣ್ತಿದೆ. ಅಮ್ಮ ಕಾಣ್ತಿದ್ದಾಳೆ, ಅಳ್ತಿದ್ದಾಳೆ."

ಅಳಿಯ ಸೊಂಟದ ಮೇಲೆ ಕೈಯಿಟ್ಟು ತಾತನ ಕಡೆ ತಿರುಗಿದ. "ನೋಡಿದ್ರಾ? ಮೂವತ್ತು ವರ್ಷದ ಮಾಟ, ಒಂದು ನಿಮಿಷದ ಕೆಲಸ. ಇದನ್ನೇ ನಾನು ನಿನ್ನೆ ಹೇಳಿದ್ದು. ನಿಮ್ಮಂಥೋರು ಮೊದ್ಲು ಕಲೀಬೇಕಾದ್ದು ಏನಂದ್ರೆ..."

ಭಾಷಣ ಅರ್ಧ ನಿಮಿಷ ನಡೆಯಿತು. ಆ ಅರ್ಧ ನಿಮಿಷ ಅವನು ಟ್ರೇ ನೋಡಲಿಲ್ಲ. ತಾತ ನೋಡುತ್ತಿದ್ದ.

"ಚಿತ್ರ ನೋಡಿ, ಸ್ವಾಮಿ."

ಬಿಸಿಲಿನ ಕಾಗದದ ಚಿತ್ರ ಹೈಪೋದಲ್ಲಿ ತೆಳುವಾಗುತ್ತದೆ. ಕೆಲಸ ಬಲ್ಲವರು ಅದಕ್ಕೇ ಮೊದಲೇ ಗಾಢವಾಗಿ ಮೂಡಿಸಿ, ತಿಳಿ ಹೈಪೋದಲ್ಲಿ ಅದ್ದಿ, ಕಣ್ಣು ಮಿಟುಕಿಸದೆ ಕಾಯುತ್ತಿದ್ದರು. ಇವನ ಟ್ರೇಯಲ್ಲಿ ನೇರಳೆ ಕಂದಾಯಿತು. ಕಂದು ಹಳದಿಯಾಯಿತು. ಹಳದಿಯೂ ಹೊರಟಿತ್ತು.

"ರೀ, ಬೆಳಕು ಜಾಸ್ತಿಯಾಯ್ತು."

ಮೂಗು ಹೋಯಿತು.

"ಅಮ್ಮನ ಮುಖ ಬಿಳಿ. ಗೋಡೆ ಬಿಳಿ. ನನ್ನ ಕೈಯಲ್ಲಿ ಗೆರೆ ಇಲ್ಲ ರೀ."

ತುಟಿ ಹೋಗುತ್ತಿತ್ತು. ಅಳಿಯನ ಕೈ ಅಲ್ಲಾಡಲಿಲ್ಲ. ಚಿಮಟ ಹುಡುಕಬೇಕು ಅನ್ನಿಸಿತು. ಚಿಮಟ ಎಲ್ಲಿ? ಕಾಣಲಿಲ್ಲ. ಫೋನಿನಲ್ಲಿ ಮಾತು ನಿಂತಿತು. ಉಸಿರು ಮಾತ್ರ. ಅದೂ ತೆಳ್ಳಗೆ. ಅದೂ ದೂರ.

ತಾತ ಬರಿಗೈ ಹಾಕಿ ಚಿತ್ರ ಎತ್ತಿದ. ತೊಳೆಯುವ ತೊಟ್ಟಿಗೆ ಹಾಕಿದ. ನಲ್ಲಿ ಪೂರ್ತಿ ತಿರುಗಿಸಿದ.

ನಿಂತಿತು. ಎರಡು ಕಣ್ಣುಗುಡ್ಡೆ, ಒಂದು ಹುಬ್ಬು, ಮೂಲೆಯಲ್ಲಿ ಬರಿಗಾಲಿನ ಅಂಚು. ಮಂಜಿನ ಮೇಲೆ ಬೆರಳಲ್ಲಿ ಬರೆದಷ್ಟು.

"ಇದ್ದೀನಿ ರೀ," ಎಂದಿತು ಫೋನು. "ಸ್ವಲ್ಪ ಸ್ವಲ್ಪ ಕಾಣ್ತಿದೆ."

ಅಳಿಯ ನೆಲಕ್ಕೆ ಕುಸಿದ. ಆದರೂ ಬಾಯಿ ಬಾಯಿಯೇ. "ಉಳೀತಲ್ಲ. ಇನ್ನೊಂದು ಗಂಟೆ ತೊಳೆದ್ರೆ ಹೈಪೋ ಎಲ್ಲ ಹೋಗುತ್ತೆ. ಆಮೇಲೆ ಯಾವ ಬೆಳಕೂ ಏನೂ ಮಾಡಲ್ಲ."

ತಾತ ನೀರಿಗೆ ಬೆರಳಿಟ್ಟವನು ಥಟ್ಟನೆ ಹಿಂದೆ ತೆಗೆದ. ತಾರಸಿಯ ಟ್ಯಾಂಕಿನ ನೀರು. ಬೆಳಗಿನಿಂದ ಬಿಸಿಲು ಕುಡಿದದ್ದು.

"ಪಟಿಕದ ನೀರಲ್ಲಿ ಅದ್ದಿದ್ರಾ?"

"ಯಾಕೆ?"

"ಪಟಿಕ ಹಾಕದೆ ಇದ್ರೆ ಜೆಲಾಟಿನ್ ಗಟ್ಟಿಯಾಗಲ್ಲ. ಕೈಯಲ್ಲಿ ಬಳಿದ ಕಾಗದ ಇದು. ಬಿಸಿನೀರಲ್ಲಿ ಬಿಟ್ಕೊಳ್ಳುತ್ತೆ."

"ಹಾಗಾದ್ರೆ ಹೊರಗೆ ತೆಗೀರಿ."

"ತೆಗೆದ್ರೆ ಒಳಗೆ ಉಳಿದ ಹೈಪೋ ಅಷ್ಟನ್ನೂ ತಿನ್ನುತ್ತೆ."

ತಾತ ಐಸು ತರಲು ಬೀದಿಗೆ ಓಡಿದ. ಆ ವಯಸ್ಸಿನಲ್ಲಿ, ಬರಿಗಾಲಲ್ಲಿ. ಕೋರ್ಸು ಮಾಡಿದವನು ಎದ್ದು ತೊಟ್ಟಿಯ ಅಂಚು ಹಿಡಿದು ಬಗ್ಗಿದ. ನೀರು ಗುಳುಗುಳು ತಿರುಗುತ್ತಿತ್ತು. ನಲ್ಲಿ ನಿಲ್ಲಿಸಲೇ? ಬಿಡಲೇ? ಅವನಿಗೆ ಗೊತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಏನೋ ಒಂದು ಗೊತ್ತಿರಲಿಲ್ಲ.

ಚಿತ್ರದ ಮೂಲೆಯಲ್ಲಿ, ಬರಿಗಾಲು ಇದ್ದ ಕಡೆ, ಹಾಲಿನ ಕೆನೆಯಂಥ ಪೊರೆ ಕಾಗದದಿಂದ ಮೆಲ್ಲನೆ ಎದ್ದಿತು. ನೀರಿನ ಸೆಳೆತಕ್ಕೆ ಇನ್ನಷ್ಟು ಎದ್ದಿತು. ಮಡಚಿಕೊಂಡಿತು.

"ಪಾದದ ಹತ್ರ ಒದ್ದೆ ಒದ್ದೆ ಆಗ್ತಿದೆ ರೀ," ಎಂದಳು ಹೆಂಡತಿ. ಆಮೇಲೆ ಸ್ವರ ಬೇರೆಯಾಯಿತು. "ಅಮ್ಮ, ಚರ್ಮ ಎಳೀಬೇಡ."

ಹಿಂದೆಯೇ ಅತ್ತೆಯ ದನಿ ಕೇಳಿತು.

"ನಾನೆಲ್ಲೇ ಮುಟ್ಟಿದೆ?"